ಚಿನ್ನದ ಪಾಠಕ್ಕೆ ಬಂದ ತಾತ

ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯ ಪಾಠ ಬಂದರೆ ನಾವು ಟೀಚರ್‌ಗಳು ಹೇಳೋದು ಸಾಮಾನ್ಯವಾಗಿ ಎರಡೇ ಮಾತು. 1880ರಲ್ಲಿ ಜಾನ್ ಟೇಲರ್ ಅನ್ನೋ ಬ್ರಿಟಿಷ್ ಗಣಿ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. ಗಣಿಯೊಳಗೆ ಇಳಿದವರು ಯಾರು? ಅಲ್ಲಿಗೆ ನಮ್ಮ ಪಾಠ ಹೋಗುವುದೇ ಇಲ್ಲ. ಹಾಗೆ ಇಳಿದವರ ಮೊಮ್ಮಕ್ಕಳೇ ನನ್ನ ಒಂಬತ್ತನೇ ತರಗತಿಯಲ್ಲಿ ಕೂತಿದ್ದಾರೆ.

ಅದಕ್ಕೇ ಈ ಸಲ ಎಫ್‌ಎ (ವರ್ಷದ ನಡುವೆ ಅಂಕ ಕೊಡುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಚಾರ್ಟ್ ಬರೆಸೋದು ಬಿಟ್ಟು, ಒಬ್ಬ ಹುಡುಗಿಯ ತಾತನನ್ನು ಕ್ಲಾಸಿಗೆ ಕರೆಸಿದೆ. ಅಂಬೇಡ್ಕರ್ ಜಯಂತಿ ದಿನ ಕರೆಸಿ, ಶಾಲು ಹೊದಿಸಿ ಕಳಿಸಬಹುದಿತ್ತು. ನನಗದು ಬೇಡವಾಗಿತ್ತು. ಸಮಾಜ ವಿಜ್ಞಾನದ ಪೀರಿಯಡ್‌ನಲ್ಲೇ, ಮಕ್ಕಳು ನೋಟ್ಸ್ ಬರೆದುಕೊಳ್ಳುವ ಪಾಠವಾಗಿಯೇ ಅವರು ಮಾತಾಡಬೇಕಿತ್ತು. 'ಪೋರ್ಷನ್ ಮುಗಿಯುತ್ತಾ ಮೇಡಂ?' ಅಂದರು ಸಹೋದ್ಯೋಗಿಯೊಬ್ಬರು. ಇದೂ ಪೋರ್ಷನ್ನೇ ಅಂದೆ.

ತಾತ ಸೀಮೆಸುಣ್ಣ ತಗೊಂಡು ಬೋರ್ಡಿನ ಮೇಲ್ತುದಿಯಿಂದ ಗೆರೆ ಎಳೆದರು. ಬೋರ್ಡು ಮುಗಿದರೂ ನಿಲ್ಲಿಸಲಿಲ್ಲ. ಬಗ್ಗಿ ಗೋಡೆ ಮೇಲೆ ನೆಲದವರೆಗೂ ಎಳೆದರು. 'ಇದು ಚಾಂಪಿಯನ್ ರೀಫ್ ಗಣಿಯ ಶಾಫ್ಟು, ಕೆಳಗೆ ಇಳಿಯೋ ಬಾವಿ. ಮೂರು ಕಿಲೋಮೀಟರಿಗೂ ಜಾಸ್ತಿ. ಕೆಳಗೆ ಬಂಡೆಗೆ ಕೈ ಇಟ್ರೆ ಸುಡುತ್ತೆ.' ಧೂಳು ಕುಡಿದೂ ಕುಡಿದೂ ಎದೆ ಕೆಟ್ಟವರು, ಕುಸಿತಕ್ಕೆ ಸಿಕ್ಕವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ದಿನಾ ಬೆಂಗಳೂರಿಗೆ ರೈಲು ಹತ್ತಿದವರು, ಎಲ್ಲರ ಕಥೆ ಬಂತು. ಕನ್ನಡ ತಡವರಿಸಿದಾಗ ಅವರು ತಮಿಳಿಗೆ ತಿರುಗುತ್ತಿದ್ದರು. ಮೊಮ್ಮಗಳು ಎದ್ದು ನಿಂತು ಕನ್ನಡದಲ್ಲಿ ಹೇಳುತ್ತಿದ್ದಳು. ಬೇರೆ ದಿನ ಶಾಲೆಯಲ್ಲಿ ತಮಿಳು ಆಡಲು ನಾಚುವ ಹುಡುಗಿ ಅವಳು.

ಕಾರ್ಮಿಕರಲ್ಲಿ ಬಹಳಷ್ಟು ಜನ ತಮಿಳು ಸೀಮೆಯಿಂದ ಬಂದ ದಲಿತರು ಎಂದು ನಾನು ಸೇರಿಸಿದೆ. ನೂರು ವರ್ಷಕ್ಕೂ ಹಿಂದೆಯೇ ಇಲ್ಲೇ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ, ತಮಿಳು ದಲಿತ ಚಿಂತಕ ಅಯೋತಿ ದಾಸ ಪಂಡಿತರ ಬೌದ್ಧ ಸಂಘದ ಶಾಖೆ ಇತ್ತು. ಇಷ್ಟು ಹತ್ತಿರದ ಚರಿತ್ರೆ ಮಕ್ಕಳಿಗೆ ಗೊತ್ತಿಲ್ಲ ಅಂದರೆ ಹೇಗೆ ಅಲ್ವಾ?

ಮನೆಯ ಹಿರಿಯರ ದುಡಿಮೆ ಬಗ್ಗೆ ಒಂದು ಪುಟ ಬರೆದು ತರಲು ಹೇಳಿದೆ. ಕೆರೆ ಹೂಳು ಎತ್ತಿದ್ದು, ಇಟ್ಟಿಗೆ ಸುಟ್ಟಿದ್ದು, ರೇಷ್ಮೆ ನೂಲು ತೆಗೆದದ್ದು, ಎಲ್ಲಾ ಬಂತು. ಒಬ್ಬ ಹುಡುಗ ಬರೆದಿದ್ದು ಬೇರೆ. ಯಾರಾದರೂ ನೀರು ಹೊಯ್ಯಲಿ ಅಂತ ಅವನ ಅಜ್ಜಿ ಬಾವಿ ಹತ್ತಿರ ಕೊಡ ಇಟ್ಟುಕೊಂಡು ಕಾಯುತ್ತಿದ್ದರಂತೆ. ಕ್ಲಾಸಿನಲ್ಲಿ ಓದಲಾ ಅಂತ ಕೇಳಿದೆ. ಬೇಡ ಎಂದು ತಲೆ ಆಡಿಸಿದ. ಓದಲಿಲ್ಲ, ಪೂರ್ತಿ ಅಂಕ ಕೊಟ್ಟೆ. ಎಲ್ಲರನ್ನೂ ಪಾಠದೊಳಗೆ ತರಬೇಕು ನಿಜ. ಹಾಗಂತ ಯಾವ ಮಗುವಿನ ನೋವನ್ನೂ ಪ್ರದರ್ಶನಕ್ಕೆ ಇಡಬಾರದು.

ಮುಂದಿನ ಕಿರುಪರೀಕ್ಷೆಯಲ್ಲಿ ಗಣಿ ಕಾರ್ಮಿಕರ ಬದುಕಿನ ಬಗ್ಗೆ ನಾಲ್ಕು ಅಂಕದ ಪ್ರಶ್ನೆ ಇಟ್ಟೆ. ಅಂಕ ಇದ್ದರೆ ಮಕ್ಕಳು ಓದುತ್ತಾರೆ. ಮುಂದಿನ ವರ್ಷ ಬರುವ ಟೀಚರೂ ಬಿಡಲ್ಲ.