ಎಲ್‌ಎಸ್‌ಯು 2019: ಮೂರನೇ ಡೌನ್, 17 ಯಾರ್ಡ್

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ನಾನು ಮತ್ತೆ ಮತ್ತೆ ಹುಡುಕಿ ನೋಡುವ ಸೀಸನ್ ಒಂದೇ. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ 2019ರ ತಂಡ, ಎಲ್ಲರ ಬಾಯಲ್ಲೂ ಎಲ್‌ಎಸ್‌ಯು. 15 ಮ್ಯಾಚ್ ಆಡಿ 15ನ್ನೂ ಗೆದ್ದರು.

ನನ್ನ ಪಾಲಿಗೆ ಆ ಸೀಸನ್ ಶುರುವಾಗಿದ್ದು ಎರಡನೇ ಮ್ಯಾಚಿನ ಕೊನೆಯಲ್ಲಿ. ಸೆಪ್ಟೆಂಬರ್ 7, ಆಸ್ಟಿನ್‌ನಲ್ಲಿ, ಟೆಕ್ಸಾಸ್ ತಂಡದ ಸ್ವಂತ ಮೈದಾನದಲ್ಲಿ. ಎಲ್‌ಎಸ್‌ಯು 37-31 ಮುಂದಿತ್ತು. ಹೆಚ್ಚುಕಮ್ಮಿ ಎರಡೂವರೆ ನಿಮಿಷ ಬಾಕಿ. ಮೂರನೇ ಡೌನ್, 17 ಯಾರ್ಡ್ ಬೇಕು. ಈ ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನಾಲ್ಕು ಸಲದೊಳಗೆ 10 ಯಾರ್ಡ್ ದಾಟಬೇಕು, ಒಂದೊಂದು ಸಲಕ್ಕೂ ಡೌನ್ ಅಂತಾರೆ, ನಾಲ್ಕನೇ ಸಲ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಕೊಟ್ಟುಬಿಡುತ್ತಾರೆ, ಹಾಗಾಗಿ ಮೂರನೆಯದೇ ಕೊನೆ ಅವಕಾಶ ಇದ್ದ ಹಾಗೆ. ಇಲ್ಲಿ ಹಿಂದಕ್ಕೆ ಬಿದ್ದು ಆ 10 ಯಾರ್ಡ್ 17 ಆಗಿತ್ತು. ಹಳೇ ಎಲ್‌ಎಸ್‌ಯು ಆಗಿದ್ದರೆ ಸುಮ್ನೆ ಒಬ್ಬನ ಕೈಗೆ ಚೆಂಡು ಕೊಟ್ಟು ಓಡಿಸಿ, ಟೈಮ್ ಕಳೆದು, ಆಮೇಲೆ ಒದ್ದು, ಉಳಿದಿದ್ದನ್ನು ಡಿಫೆನ್ಸ್ ನೋಡಿಕೊಳ್ಳಲಿ ಅಂತ ಕೂರುತ್ತಿತ್ತು. ವರ್ಷಗಟ್ಟಲೆ ಅವರು ಆಡಿದ್ದೇ ಹಾಗೆ.

ಈ ಸಲ ಎಸೆದರು. ಟೆಕ್ಸಾಸ್‌ನವರು ಮೈಮೇಲೆ ನುಗ್ಗಿ ಬರುತ್ತಿದ್ದಾರೆ, ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ, ಜೋ ಬರೋ ಒಂದೆರಡು ಹೆಜ್ಜೆ ಸರಿದು ಚೆಂಡು ಬಿಟ್ಟ, ಜಸ್ಟಿನ್ ಜೆಫರ್ಸನ್ ಹಿಡಿದವನೇ ಓಡಿದ. 61 ಯಾರ್ಡ್, ಟಚ್‌ಡೌನ್: ಚೆಂಡು ಎದುರಾಳಿಯ ಕೊನೆ ಗೆರೆ ದಾಟಿತು. ಮ್ಯಾಚ್ 45-38ಕ್ಕೆ ಮುಗಿಯಿತು. ಗೆಲ್ಲುತ್ತಿರುವಾಗ ಅಷ್ಟು ಧೈರ್ಯ ಮಾಡೋದು ಸುಲಭ ಅಲ್ಲ, ಅಲ್ವಾ?

ಬರೋ ಇನ್ನೊಂದು ಯೂನಿವರ್ಸಿಟಿ ಒಹಾಯೋ ಸ್ಟೇಟ್‌ನ ತಂಡದಲ್ಲಿ ಜಾಗ ಸಿಗದೆ ಬಂದ ಹುಡುಗ. ಆ ವರ್ಷ 60 ಟಚ್‌ಡೌನ್ ಪಾಸ್ ಹಾಕಿ ಕಾಲೇಜ್ ಫುಟ್‌ಬಾಲ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದ. ವೇದಿಕೆ ಮೇಲೆ ನಿಂತು ತನ್ನ ಊರ ಕಡೆಯ ಹಸಿದ ಮಕ್ಕಳ ಬಗ್ಗೆ ಅಳುತ್ತಲೇ ಮಾತಾಡಿದ. ಅದನ್ನು ಕೇಳಿದ ಜನ ಅಲ್ಲಿನ ಆಹಾರ ನಿಧಿಗೆ ಲಕ್ಷಗಟ್ಟಲೆ ಡಾಲರ್ ಕಳಿಸಿದರು.

ನವೆಂಬರ್‌ನಲ್ಲಿ ಅಲಬಾಮಾವನ್ನು 46-41ರಿಂದ ಸೋಲಿಸಿದರು. ಅದಕ್ಕೂ ಮುಂಚೆ ಸತತ ಎಂಟು ಸಲ ಅವರ ಕೈಲಿ ಸೋತಿದ್ದರು.

ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಸೆಮಿಫೈನಲ್ ನೆನೆದರೆ ಮಾತ್ರ ಈಗಲೂ ಗಂಟಲು ಕಟ್ಟುತ್ತದೆ. ಡಿಸೆಂಬರ್ 28, ಅಟ್ಲಾಂಟಾ. ಆ ಬೆಳಿಗ್ಗೆ ಎಲ್‌ಎಸ್‌ಯುನ ಅಫೆನ್ಸ್ (ದಾಳಿ ಆಟ) ಕೋಚ್ ಸ್ಟೀವ್ ಎನ್ಸ್‌ಮಿಂಗರ್ ಅವರ ಸೊಸೆ, ಇದೇ ಮ್ಯಾಚ್ ನೋಡಲು ಬರುತ್ತಿದ್ದವರು, ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸುದ್ದಿ ತಿಳಿದ ಮೇಲೂ ಅವರು ಹೋಗಿ ತಮ್ಮ ಜಾಗದಲ್ಲಿ ಕೂತು ಕೆಲಸ ಮಾಡಿದರು. ಮೊದಲರ್ಧದಲ್ಲೇ ಬರೋ ಏಳು ಟಚ್‌ಡೌನ್ ಪಾಸ್ ಹಾಕಿದ. ಎದುರಾಳಿ ಒಕ್ಲಹೋಮಾ 63-28ಕ್ಕೆ ಸೋತಿತು.

ಫೈನಲ್ 2020ರ ಜನವರಿ 13ಕ್ಕೆ, ನ್ಯೂ ಆರ್ಲಿಯನ್ಸ್‌ನಲ್ಲಿ. ಒಂದು ಹಂತದಲ್ಲಿ ಎದುರಾಳಿ ಕ್ಲೆಮ್ಸನ್ 17-7 ಮುಂದಿತ್ತು. ನನಗೆ ಒಂಚೂರೂ ಭಯ ಆಗಲಿಲ್ಲ. ಆಸ್ಟಿನ್‌ನಲ್ಲಿ ಇವರು ಎಸೆದಿದ್ದನ್ನು ನೋಡಿದ್ದೆನಲ್ಲ. 42-25ಕ್ಕೆ ಗೆದ್ದರು.