ನಿಮ್ಮೂರಿನ ಮೂರನೆಯವನು ಯಾರು?

ಪಕ್ಕದ ಮನೆಯ ಅಜ್ಜ ಈ ಪ್ರಶ್ನೆ ಕೇಳಿ ನಾಲ್ಕು ದಿನ ಆಯಿತು. ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಆವತ್ತು ಶನಿವಾರ, 2025ರ ಆಗಸ್ಟ್ 30. ನಾವಿರುವ ಅಮೆರಿಕದ ಕೊಲಂಬಸ್‌ನಲ್ಲಿ ಕಾಲೇಜು ಫುಟ್‌ಬಾಲ್ ಶುರುವಾದ ದಿನ. ಎದುರಿಗೆ ಟೆಕ್ಸಾಸ್, ಆಗ ದೇಶದ ನಂಬರ್ ಒನ್ ತಂಡ. ಇಲ್ಲಿನ ಕಾಲೇಜಿನ ತಂಡ, ನಮ್ಮ ಓಹಾಯೋ ಸ್ಟೇಟ್, 14-7ರಲ್ಲಿ ಗೆದ್ದಿತು. ಇಷ್ಟು ದೊಡ್ಡ ಗೆಲುವು ಬಂದ ಮೇಲೆ ಖುಷಿಯಾಗಿ ಎದ್ದು ಮನೆಗೆ ಹೋಗಬೇಕು ಅಲ್ವಾ? ಯಾರೂ ಏಳಲಿಲ್ಲ. ಅಜ್ಜನ ಗ್ಯಾರೇಜಿನಲ್ಲಿ ಜಗಳ ಶುರುವಾಗಿದ್ದೇ ಆಮೇಲೆ.

ಈ ಅಜ್ಜ ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವರು. ನಮ್ಮ ಮನೆಯಲ್ಲಿ ಅವರ ಹೆಸರು ಬಸ್ ಅಜ್ಜ. ಆಟದ ದಿನ ಗ್ಯಾರೇಜಿನ ಬಾಗಿಲು ಮೇಲೆ ಹೋಗುತ್ತದೆ, ಪೇಂಟ್ ಡಬ್ಬಿಗಳ ಪಕ್ಕ ಟಿವಿ ಬರುತ್ತದೆ, ಮಡಿಸುವ ಕುರ್ಚಿಗಳು ಹೊರಗೆ ಬರುತ್ತವೆ. ಅವರ ಮಗ, ಅಳಿಯ, ನಾನು, ನನ್ನ ಹನ್ನೊಂದು ವರ್ಷದ ಮಗಳು. ನಮ್ಮ ಕಡೆಯಿಂದ ಒಂದು ಡಬ್ಬಿ ಕೋಡುಬಳೆ.

ಊರಲ್ಲಿ ಓದುವವರಿಗೆ ಒಂದು ಮಾತು. ಇಲ್ಲಿನ ಫುಟ್‌ಬಾಲ್ ಕಾಲಿನ ಆಟಕ್ಕಿಂತ ಜಾಸ್ತಿ ಕೈಯಾಟ. ಹಿಂದೆ ನಿಂತವನು ಚೆಂಡು ಎಸೆಯುತ್ತಾನೆ. ಅಂಚಿನಲ್ಲಿ ನಿಂತ ಹುಡುಗರು ಓಡಿಹೋಗಿ, ಮೈಮೇಲೆ ಬೀಳುವವರನ್ನು ತಪ್ಪಿಸಿ ಅದನ್ನು ಹಿಡಿಯಬೇಕು. ಇವರು ವೈಡ್ ರಿಸೀವರ್‌ಗಳು. ಮೈದಾನದಲ್ಲಿ ಸಾಮಾನ್ಯವಾಗಿ ಮೂರು ಜನ. ತಂಡದಲ್ಲಿ ಅದೇ ಕೆಲಸಕ್ಕೆ ಹತ್ತಾರು ಜನ. ಓಹಾಯೋ ಸ್ಟೇಟ್‌ನಲ್ಲಿ ಆ ಗುಂಪಿಗೆ ಜೋನ್ ಸಿಕ್ಸ್ ಅಂತ ಅಡ್ಡಹೆಸರೇ ಇದೆ. ಅವರನ್ನು ತಿದ್ದಿದ ಕೋಚ್ ಬ್ರಯಾನ್ ಹಾರ್ಟ್‌ಲೈನ್ ಕೂಡ ಇದೇ ಕಾಲೇಜಿಗೆ ರಿಸೀವರ್ ಆಗಿ ಆಡಿದವರು.

ಆವತ್ತಿನ ಜಗಳಕ್ಕೆ ಕಾರಣ ಜೆರೆಮಾಯಾ ಸ್ಮಿತ್. ದೇಶದಲ್ಲೇ ಅತ್ಯುತ್ತಮ ರಿಸೀವರ್ ಅನ್ನಿಸಿಕೊಂಡ ಹುಡುಗ. 2024ರಲ್ಲಿ, ಕಾಲೇಜಿನ ಮೊದಲ ವರ್ಷದಲ್ಲೇ ಚೆಂಡು ಹಿಡಿದು ತಂಡವನ್ನು ಮುಂದೆ ಒಯ್ದಿದ್ದು 1,315 ಗಜ, 15 ಟಚ್‌ಡೌನ್, ಅಂದರೆ ಎದುರಾಳಿಯ ಕೊನೆಯ ಗೆರೆ ಮುಟ್ಟಿ ಅಂಕ ತಂದಿದ್ದು. ಟೆಕ್ಸಾಸ್ ವಿರುದ್ಧ ಸಿಕ್ಕಿದ್ದು 43 ಗಜ ಮಾತ್ರ. ಕೈಗೆ ಬಂದ ಚೆಂಡೂ ಜಾರಿತು. ಕೊನೆಯ ಕ್ವಾರ್ಟರ್‌ನಲ್ಲಿ 40 ಗಜದ ಟಚ್‌ಡೌನ್ ಹಿಡಿದವನು ಎರಡನೆಯವನು, ಕಾರ್ನೆಲ್ ಟೇಟ್. "ಹಾಗಾದರೆ ಈ ಗುಂಪು ಒಬ್ಬನ ಮೇಲೆ ನಿಂತಿದೆಯೋ, ಎಲ್ಲರ ಮೇಲೋ?" ಅಂತ ಅಳಿಯ ಕೇಳಿದ್ದೇ ತಡ, ಮಾತಿಗೆ ಬೆಂಕಿ ಬಿತ್ತು.

ಮಗನ ಪ್ರಕಾರ 2021ರ ಗುಂಪಿನಂಥದ್ದು ಇನ್ನೊಂದು ಬರಲ್ಲ. ಗ್ಯಾರೆಟ್ ವಿಲ್ಸನ್, ಕ್ರಿಸ್ ಓಲಾವೆ, ಜಾಕ್ಸನ್ ಸ್ಮಿತ್-ಎನ್‌ಜಿಗ್ಬಾ ಆಡುತ್ತಿದ್ದರು. ಅವರ ಹಿಂದೆ ಬೆಂಚಿನಲ್ಲಿ ಮಾರ್ವಿನ್ ಹ್ಯಾರಿಸನ್ ಜೂನಿಯರ್ ಮತ್ತು ಎಮೆಕಾ ಎಗ್ಬುಕಾ. ಈ ಐವರೂ ಮುಂದೆ ಎನ್‌ಎಫ್‌ಎಲ್ ಡ್ರಾಫ್ಟ್‌ನ, ಅಂದರೆ ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಸರದಿಯ, ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಅದೇ ವರ್ಷ ಇಲ್ಲಿ ಜಾಗ ಸಾಲದೆ ಅಲಬಾಮಾ ಕಾಲೇಜಿಗೆ ಹೋದ ಜೇಮ್ಸನ್ ವಿಲಿಯಮ್ಸ್ ಕೂಡ ಮೊದಲ ಸುತ್ತಿನಲ್ಲೇ ಹೋದ. ಅಳಿಯ ಇದನ್ನು ಒಪ್ಪಲಿಲ್ಲ. ಚಾಂಪಿಯನ್ ಪಟ್ಟ ತಂದಿದ್ದು 2024ರ ಗುಂಪು, ಸ್ಮಿತ್, ಎಗ್ಬುಕಾ, ಟೇಟ್. ಪಟ್ಟ ಇಲ್ಲದ ಗುಂಪಿಗೆ ಯಾವ ಬೆಲೆ ಅಂದ.

ಅಜ್ಜ ಅಲ್ಲಿಯವರೆಗೆ ಸುಮ್ನೆ ಕೋಡುಬಳೆ ಮುರಿಯುತ್ತಿದ್ದರು. ಆಮೇಲೆ ಹೇಳಿದರು: "ನೀವಿಬ್ಬರೂ ಒಂದನೆಯವನ ಬಗ್ಗೆಯೇ ಮಾತಾಡ್ತಿದ್ದೀರಿ. ಎಗ್ಬುಕಾನ ಲೆಕ್ಕ ಹೇಳಿ."

ಎಗ್ಬುಕಾ ನಾಲ್ಕು ವರ್ಷ ಇಲ್ಲಿ ಆಡಿದ. ಮೊದಲು ಮೂರು ಜನ ಹಿರಿಯರ ಹಿಂದೆ. ಆಮೇಲೆ ಹ್ಯಾರಿಸನ್ ನೆರಳಿನಲ್ಲಿ. ಹ್ಯಾರಿಸನ್ ಹೋದ, ಇನ್ನು ಇವನ ಸರದಿ ಅಂದುಕೊಳ್ಳುವಷ್ಟರಲ್ಲಿ ಜೆರೆಮಾಯಾ ಸ್ಮಿತ್ ಬಂದ. ಒಂದು ವರ್ಷವೂ ಅವನನ್ನು ನಂಬರ್ ಒನ್ ಅಂತ ಎಲ್ಲರೂ ಒಪ್ಪಿದ್ದಿಲ್ಲ. ಆದರೂ ಈ ಕಾಲೇಜಿನ ಇತಿಹಾಸದಲ್ಲಿ ಅತಿ ಹೆಚ್ಚು ಕ್ಯಾಚ್ ಹಿಡಿದವನು ಅವನೇ, ಒಟ್ಟು 205.

"ಅದಲ್ಲದೆ ಇದೂ ಇದೆ" ಅಂತ ಅಜ್ಜ ಕುರ್ಚಿಯಿಂದ ಎದ್ದು ನನ್ನ ಮಗಳನ್ನು ಡ್ರೈವ್‌ವೇಗೆ ಕರೆದುಕೊಂಡು ಹೋದರು. ಚೆಂಡು ಇನ್ನೊಬ್ಬನ ಕೈಗೆ ಹೋದಾಗ ರಿಸೀವರ್ ಏನು ಮಾಡಬೇಕು ಅಂತ ತೋರಿಸಿದರು. ಮಂಡಿ ಬಗ್ಗಿಸಬೇಕು. ಮೊಣಕೈ ಪಕ್ಕೆಗೆ ಅಂಟಿರಬೇಕು. ಅಂಗೈ ಬಿಚ್ಚಿ ಎದುರಾಳಿಯ ಎದೆಗೆ ಕೊಡಬೇಕು. ಕೈ ಎದೆ ಬಿಟ್ಟು ಹೊರಗೆ ಹೋಗಿ ಅಂಗಿ ಹಿಡಿದರೆ ಹತ್ತು ಗಜ ದಂಡ. ಮಗಳು ಅವರ ಎದೆಗೆ ಎರಡು ಕೈ ಇಟ್ಟು ನೂಕಿದಳು. ಎಪ್ಪತ್ತು ದಾಟಿದ ಮನುಷ್ಯ, ಎರಡು ಹೆಜ್ಜೆ ಹಿಂದೆ ಹೋದರು. "ನೋಡು, ಈಗ ನಿನ್ನ ಹಿಂದೆ ಒಬ್ಬ ಓಡಿಹೋದ. ಟಿವಿ ಅವನನ್ನು ತೋರಿಸುತ್ತೆ. ನಾನು ನಿನ್ನನ್ನು ನೋಡ್ತೀನಿ."

ಮಗಳ ಮುಖ ಅರಳಿತು. ನನಗೆ ಯಾಕೋ ಗಂಟಲು ಕಟ್ಟಿತು.

ಅಜ್ಜ ವಾಪಸ್ ಕುರ್ಚಿಗೆ ಬಂದು ನನ್ನ ಕಡೆ ತಿರುಗಿದರು. "ನಿಮ್ಮ ಕ್ರಿಕೆಟ್‌ನಲ್ಲಿ ಇಂಥ ಗುಂಪು ಇತ್ತಾ? ಒಂದೇ ಊರಿನ ಕಡೆಯವರು, ಒಂದೇ ಕೆಲಸ ಮಾಡುವವರು?"

ಇತ್ತಾ ಅಂದರೆ! ಎದೆ ಉಬ್ಬಿಸಿ ಹೇಳಿದೆ. 1996ರಲ್ಲಿ ನನಗೆ ಹದಿಮೂರು ವರ್ಷ. ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟ್. ಭಾರತದ ಮೂವರು ವೇಗದ ಬೌಲರ್‌ಗಳೂ ಕರ್ನಾಟಕದವರು. ಸ್ಪಿನ್ನಿಗೆ ಕುಂಬ್ಳೆ, ಬ್ಯಾಟಿಂಗಿಗೆ ದ್ರಾವಿಡ್. ಇಡೀ ದೇಶದ ತಂಡದಲ್ಲಿ ಐದು ಜನ ನಮ್ಮವರು. ವೇಗಕ್ಕೆ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಮತ್ತೆ...

ಅಲ್ಲಿ ಒಂದು ಕ್ಷಣ ತಡೆದೆ. ನೀರು ಕುಡಿಯಲು ಬಾಟಲಿ ಎತ್ತಿಕೊಂಡೆ. ಆಗ ಅಜ್ಜ ಕೇಳಿದರು: "ನಿಮ್ಮೂರಿನ ಮೂರನೆಯವನು ಯಾರು?"

ಮೂರನೆಯವರು ನಿಜಕ್ಕೂ ನಮ್ಮೂರಿನವರೇ. ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್. ಅಜ್ಜನಿಗೆ ಅದು ಗೊತ್ತಿರಲಿಲ್ಲ, ಸುಮ್ನೆ ಮಾತಿಗೆ ಹಾಗೆ ಕೇಳಿದ್ದರು.

ನಾನು ಹೇಳುತ್ತಾ ಹೋದೆ. 1995-96ರ ರಣಜಿಯಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ 10 ವಿಕೆಟ್ ತೆಗೆದರು. ಶ್ರೀನಾಥ್‌ಗೆ ಗಾಯವಾದಾಗ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಅವಕಾಶ ಸಿಕ್ಕಿತು. ಸ್ಲಿಪ್‌ನಲ್ಲಿ ಅಜರುದ್ದೀನ್ ಹಿಡಿದ ಕ್ಯಾಚಿನಲ್ಲಿ ಸ್ಲೇಟರ್ ಔಟ್. ಆಮೇಲೆ ಡರ್ಬನ್. ಅಷ್ಟೇ. ಎರಡು ಟೆಸ್ಟ್, ಮೂರು ವಿಕೆಟ್. ಮುಂದಿನ ಟೆಸ್ಟಿಗೆ ಅವರ ಜಾಗಕ್ಕೆ ಬಂದವರೂ ನಮ್ಮವರೇ, ದೊಡ್ಡ ಗಣೇಶ್. ಅಷ್ಟು ಗಟ್ಟಿ ಗುಂಪು ಅದು.

"ಈಗ ಏನು ಮಾಡ್ತಿದ್ದಾರೆ?"

"ಹೋದ ವರ್ಷ ಜೂನ್‌ನಲ್ಲಿ ತೀರಿಕೊಂಡರು."

ಟಿವಿಯ ಸದ್ದು ಮಾತ್ರ ಕೇಳುತ್ತಿತ್ತು. ಅಜ್ಜ ತಲೆಯ ಮೇಲಿದ್ದ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ನನಗೆ ನೋವಾಗಿದ್ದು ಇದಕ್ಕೆ: ಅವರು ಹೋದ ಸುದ್ದಿ ಓದುವವರೆಗೆ ಎಷ್ಟೋ ವರ್ಷ ಅವರ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ. ಶ್ರೀನಾಥ್ ಬಗ್ಗೆ ಎಷ್ಟು ಸಲ ಹೇಳಿಕೊಂಡಿದ್ದೇನೆ. ಬೆಂಗಳೂರಿನಲ್ಲಿ ಪ್ರಸಾದ್ ಅವರು ಆಮಿರ್ ಸೊಹೇಲ್ ಸ್ಟಂಪ್ ಎಗರಿಸಿದ್ದನ್ನು ಮಗಳಿಗೆ ಅಭಿನಯಿಸಿ ತೋರಿಸಿದ್ದೇನೆ. ಅರಸೀಕೆರೆ ಜಂಕ್ಷನ್, ತೆಂಗಿನ ತೋಟ ಎಲ್ಲ ಹೇಳಿದ್ದೇನೆ. ನಮ್ಮೂರಿನ ಹೆಸರನ್ನು ಡರ್ಬನ್‌ವರೆಗೆ ತೆಗೆದುಕೊಂಡು ಹೋದವರನ್ನು ಹೇಳಿರಲಿಲ್ಲ. ಇಲ್ಲಿ ಒಬ್ಬ ಬಸ್ ಡ್ರೈವರ್‌ಗೆ ಐದನೇ ರಿಸೀವರ್ ಯಾವ ಹೈಸ್ಕೂಲಿನಿಂದ ಬಂದ ಅನ್ನುವುದು ಗೊತ್ತು. ನಾವು ಮೊದಲ ಇಬ್ಬರಿಗೆ ಜೈಕಾರ ಹಾಕಿ ಮುಗಿಸಿಬಿಡುತ್ತೇವೆ. ಹನ್ನೆರಡನೆಯವನು ಅಂದರೆ ನೀರು ತರುವವನು ಅಂತಲೇ ನಮಗೆ ಅರ್ಥ.

ಮನೆಯಲ್ಲೂ ಹಾಗೇ ಮಾಡಿದೆವು. ಆಗಿನ ಕಾಲದಲ್ಲಿ ಜಾನ್ಸನ್ ಅವರ ಆಟದ ಸುದ್ದಿ ಕೇಳಿಯೇ ನನ್ನ ಅಣ್ಣ ಬೌಲಿಂಗ್ ಹುಚ್ಚು ಹಿಡಿಸಿಕೊಂಡಿದ್ದು. ಕಾಲೇಜು ತಂಡದಲ್ಲಿ ಅವನು ಮೂರನೇ ವೇಗದ ಬೌಲರ್. ಮೊದಲ ಇಬ್ಬರು ಚೆನ್ನಾಗಿದ್ದರು. ಅಣ್ಣ ಎರಡು ವರ್ಷ ಪ್ರತಿ ಭಾನುವಾರ ಬಿಳಿ ಬಟ್ಟೆ ಹಾಕಿಕೊಂಡು ಹೋದ. ಸಂಜೆ ಅಪ್ಪ ಕೇಳುತ್ತಿದ್ದರು, "ಇವತ್ತು ಆಡಿದ್ಯೇನೋ?" ಇಲ್ಲ ಅಂದರೆ ಮುಂದಿನ ಪ್ರಶ್ನೆಯೇ ಇಲ್ಲ. ಒಂದು ಸಲ ಅಮ್ಮ ಬಟ್ಟೆ ನೆನೆಸಲು ಬಕೆಟ್ ಮುಂದೆ ಕೂತು ಪ್ಯಾಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕೊಳೆಯೇ ಆಗಿಲ್ವಲ್ಲೋ" ಅಂದರು. ಅಮ್ಮ ಬೇಕು ಅಂತ ಅಂದಿದ್ದಲ್ಲ. ಅಣ್ಣ ಆ ಪ್ಯಾಂಟನ್ನು ಅವರ ಕೈಯಿಂದ ತೆಗೆದುಕೊಂಡು, ಮಡಿಸಿ, ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟ. ಮುಂದಿನ ಭಾನುವಾರ ಅಪ್ಪನ ಜೊತೆ ತೋಟಕ್ಕೆ ಹೋದ.

ಇದನ್ನೂ ಗ್ಯಾರೇಜಿನಲ್ಲಿ ಹೇಳಿದೆ. ಮೂವತ್ತು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಮಗಳು ಕೇಳಿದಳು, "ಆಡದಿದ್ದರೆ ದೊಡ್ಡಪ್ಪ ಅಲ್ಲಿ ಏನು ಮಾಡ್ತಿದ್ದರು?"

"ನೆಟ್ಸ್‌ನಲ್ಲಿ ಬೌಲಿಂಗ್ ಹಾಕ್ತಿದ್ದ."

"ಯಾರಿಗೆ?"

ನನಗೆ ಗೊತ್ತಿರಲಿಲ್ಲ. ನಾನೂ ಯಾವತ್ತೂ ಕೇಳಿರಲಿಲ್ಲ.

ಅವತ್ತು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೆವು. ಊರಲ್ಲಿ ಭಾನುವಾರ ಬೆಳಗ್ಗೆ ಆರೂವರೆ. ಅಣ್ಣ ತೋಟದಲ್ಲಿದ್ದ, ಹಿಂದೆ ಮೋಟಾರಿನ ಸದ್ದು. "ಏನೋ ಇಷ್ಟೊತ್ತಲ್ಲಿ? ಎಲ್ಲಾ ಹುಷಾರಾಗಿದ್ದೀರಾ?" ಅಂದ. ಮಗಳು ಫೋನ್ ಕಿತ್ತುಕೊಂಡಳು.

"ದೊಡ್ಡಪ್ಪ, ನೀವು ನೆಟ್ಸ್‌ನಲ್ಲಿ ಯಾರಿಗೆ ಬೌಲಿಂಗ್ ಹಾಕ್ತಿದ್ರಿ?"

ಆ ಕಡೆ ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಮೋಟಾರ್ ನಿಂತಿತು. ಅಣ್ಣನೇ ಆಫ್ ಮಾಡಿದ್ದ.

ಆಮೇಲೆ ಶುರು ಮಾಡಿದ. ಎಡಗೈ ಓಪನರ್ ಒಬ್ಬ, ಅವನಿಗೆ ಕಾಲಿನ ಹತ್ತಿರ ಬರುವ ಬಾಲ್ ಆಗುತ್ತಿರಲಿಲ್ಲ, ದಿನಾ ಅರವತ್ತು ಎಪ್ಪತ್ತು ಬಾಲ್ ಅಲ್ಲೇ ಹಾಕಿ ಹಾಕಿ ಅವನನ್ನು ಸರಿ ಮಾಡಿದ್ದು. ಕ್ಯಾಪ್ಟನ್ ಬ್ಯಾಟ್ ಎತ್ತುವಾಗ ಭುಜ ತೆರೆದುಕೊಳ್ಳುತ್ತಿತ್ತು. ಅದನ್ನು ಮೊದಲು ನೋಡಿ ಹೇಳಿದವನು ಅಣ್ಣ. ಆ ಎರಡು ವರ್ಷ ನೆಟ್ಸ್‌ನಲ್ಲಿ ಇವನ ಬಾಲ್ ಎದುರಿಸದೆ ಯಾರೂ ಪಂದ್ಯಕ್ಕೆ ಹೋಗಿದ್ದಿಲ್ಲವಂತೆ. ಒಬ್ಬೊಬ್ಬರ ಹೆಸರು, ಒಬ್ಬೊಬ್ಬರ ಕಾಲಿನ ಚಲನೆ, ಎಲ್ಲ ಹೇಳಿದ. ನಾನು ಕಂಡಂತೆ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದಿಲ್ಲ.

"ನೆಟ್ಸ್‌ಗೆ ಹಳೇ ಬಾಲೇ ಕೊಡೋರು ಮಗಾ. ಹೊಲಿಗೆ ಎಲ್ಲ ಸವೆದಿರ್ತಿತ್ತು. ಹೊಸ ಬಾಲ್ ನನ್ನ ಕೈಗೆ ಬಂದಿದ್ದು ಒಂದೇ ಸಲ. ತಿಪಟೂರಲ್ಲಿ."

ಮಗಳು ಫೋನನ್ನು ಸ್ಪೀಕರಿಗೆ ಹಾಕಿ, ಅದನ್ನು ಮೇಜಿನ ಮೇಲಿಟ್ಟು, ಗಲ್ಲಕ್ಕೆ ಕೈ ಕೊಟ್ಟು ಕೂತಳು.

"ಆಮೇಲೆ, ದೊಡ್ಡಪ್ಪ?"