ಕರಿಬೇವಿನ ಗಿಡದ ವೇಷಧಾರಿ

ಮೈಸೂರು
14 ಸೆಪ್ಟೆಂಬರ್ 2024, ಶನಿವಾರ

ಇಂದು ಬೆಳಿಗ್ಗೆ ಏಳೂವರೆಗೆ ಹಿತ್ತಿಲ ಬಾಗಿಲು ತೆರೆದಾಗ ಕರಿಬೇವಿನ ಗಿಡದಲ್ಲಿದ್ದ ಚಿಟ್ಟೆಯ ಕೋಶ ಕಪ್ಪಗಾಗಿತ್ತು. ನಿನ್ನೆ ಸಂಜೆಯವರೆಗೂ ಎಲೆಯಷ್ಟೇ ಹಸಿರಾಗಿದ್ದ ಅದರ ಸಿಪ್ಪೆ ಬೆಳಗಾಗುವುದರೊಳಗೆ ತೆಳುವಾಗಿ, ಒಳಗೆ ಮಡಿಸಿಟ್ಟ ರೆಕ್ಕೆಯ ಬಣ್ಣ ಹೊರಗೆ ಕಾಣುತ್ತಿತ್ತು. ಇಂದೇ ಬಿಚ್ಚುತ್ತದೆಂದು ಖಾತ್ರಿಯಾಗಿ, ಕಾಫಿ ಲೋಟ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೆ.

ಈ ಹುಳುವಿನ ಪರಿಚಯವಾದದ್ದು ಆಗಸ್ಟ್ ಕೊನೆಯ ವಾರದಲ್ಲಿ. ಆಗ ಅದು ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆಯೇ ಇತ್ತು. ಅಮ್ಮ ಒರೆಸಲು ಹೋದಾಗಲೇ ಅದು ಅಲುಗಾಡಿದ್ದು. ನಾಲ್ಕು ಸಲ ಪೊರೆ ಬಿಟ್ಟು ಹಸಿರಾದ ಮೇಲೆ ಕಡ್ಡಿಕಡ್ಡಿಯನ್ನೇ ಬೋಳಿಸತೊಡಗಿತು. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಹೊರಚಾಚಿ, ಹುಳಿ ಹುಳಿಯಾದ ಘಾಟು ಬಿಡುತ್ತಿತ್ತು. "ಗಿಡ ನೆಟ್ಟಿದ್ದು ಒಗ್ಗರಣೆಗೋ, ಈ ಹುಳಕ್ಕೋ?" ಎಂದು ಅಮ್ಮ ಗೊಣಗಿದ್ದು ನ್ಯಾಯವೇ. ಗೌರಿ ಹಬ್ಬದ ಹಿಂದಿನ ದಿನ ಅದು ತಿನ್ನುವುದನ್ನು ಬಿಟ್ಟು, ಸೊಂಟಕ್ಕೆ ರೇಷ್ಮೆಯ ಒಂದೆಳೆ ಬಿಗಿದುಕೊಂಡು, ಕಂಬ ಹತ್ತಿದ ಲೈನ್‌ಮನ್ ಪಟ್ಟಿಗೆ ಭಾರ ಬಿಟ್ಟು ಹಿಂದಕ್ಕೆ ಒರಗಿದಂತೆ ಟೊಂಗೆಗೆ ನಿಂತಿತು.

ಎಂಟು ಗಂಟೆ ದಾಟಿದ ಮೇಲೆ ಸಿಪ್ಪೆ ತಲೆಯ ಬಳಿ ಸೀಳಿತು. ಹೊರಬಂದದ್ದು ಒದ್ದೆ ಮುದ್ದೆ. ಅದು ಖಾಲಿ ಕೋಶಕ್ಕೇ ಜೋತುಬಿದ್ದು, ಎರಡು ಎಳೆಯಾಗಿದ್ದ ಹೀರುಗೊಳವೆಯನ್ನು ಸುರುಳಿ ಬಿಚ್ಚಿ ಸುತ್ತಿ ಒಂದಾಗಿ ಬೆಸೆದುಕೊಳ್ಳುವಷ್ಟರಲ್ಲಿ, ಸುಕ್ಕುಗಟ್ಟಿದ ರೆಕ್ಕೆಗಳಿಗೆ ಮೈಯ ದ್ರವ ಹರಿದು ಅವು ಇಸ್ತ್ರಿ ಮಾಡಿದಂತೆ ನೆಟ್ಟಗಾದವು. ಕಪ್ಪು ರೆಕ್ಕೆ, ಹಿಂರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಕುಂಕುಮದ ಬೊಟ್ಟುಗಳು. ಕಾಮನ್ ರೋಸ್ ಎಂಬ ಚಿಟ್ಟೆಯೆಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದೂಬಿಟ್ಟೆ.

ಬರೆದ ಮೇಲೆ ಅನುಮಾನ ಬಂತು. ರೋಸ್‌ನ ಮರಿಹುಳು ತಿನ್ನುವುದು ಈಶ್ವರಿ ಬಳ್ಳಿಯ ಜಾತಿಯನ್ನು. ಕರಿಬೇವನ್ನು ಅದು ಮೂಸಿಯೂ ನೋಡುವುದಿಲ್ಲ. ಬಗ್ಗಿ ಮೈಯನ್ನು ನೋಡಿದೆ. ರೋಸ್‌ನ ಒಡಲು ಕೆಂಪು. ಇದರದ್ದು ಅಪ್ಪಟ ಕಪ್ಪು. ಇದು ಕಾಮನ್ ಮಾರ್ಮನ್ ಎಂಬ ಬೇರೆ ಚಿಟ್ಟೆಯ ಹೆಣ್ಣು. ಈಶ್ವರಿ ಬಳ್ಳಿಯ ವಿಷವನ್ನು ಮೈಗೂಡಿಸಿಕೊಂಡ ರೋಸ್ ಚಿಟ್ಟೆಯನ್ನು ಹಕ್ಕಿಗಳು ದೂರವಿಡುವುದರಿಂದ, ವಿಷವಿಲ್ಲದ ಈ ಹೆಣ್ಣು ಅದೇ ಬಣ್ಣ ಹೊತ್ತು ಬದುಕಿಕೊಳ್ಳುತ್ತದೆ. ಗಂಡಿಗೆ ಈ ಸೌಲಭ್ಯವಿಲ್ಲ. ಹೆಣ್ಣುಗಳಲ್ಲೂ ಕೆಲವು ಗಂಡಿನಂತೆಯೇ ಇರುತ್ತವೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ಈ ವೇಷವನ್ನು ಆಳುವುದು 'ಡಬಲ್‌ಸೆಕ್ಸ್' ಎಂಬ ಒಂದೇ ಜೀನ್ ಎಂದು 2014ರಲ್ಲಿ ತೋರಿಸಿದ್ದರು. ಅದನ್ನು ಓದಿದ್ದ ನಾನೇ ಮೋಸಹೋದೆನಲ್ಲ ಎಂದು ನಗು ಬಂತು. ಇನ್ನು ಮೋಸಹೋಗುವ ಹಕ್ಕಿಗಳನ್ನು ಆಡಿಕೊಂಡು ಪ್ರಯೋಜನವಿಲ್ಲ. ಪುಸ್ತಕದಲ್ಲಿ ಹೆಸರು ಹೊಡೆದುಹಾಕಿ ತಿದ್ದಿದೆ.

ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಗಿಡದ ಮೇಲೆ ಬಿದ್ದಾಗ ಅದು ಎರಡು ಸಲ ರೆಕ್ಕೆ ಬಡಿದು, ಕಾಂಪೌಂಡು ದಾಟಿ ಪಕ್ಕದ ಮನೆಯ ದಾಸವಾಳದತ್ತ ಹೋಯಿತು. ಗಿಡದಲ್ಲೀಗ ಉಳಿದಿರುವುದು ನಾಲ್ಕು ಕಡ್ಡಿ ಎಲೆ. ಮಧ್ಯಾಹ್ನದ ಸಾರಿಗೆ ಅಮ್ಮ ಅವನ್ನು ಮುಟ್ಟದೆ, ಹತ್ತು ರೂಪಾಯಿಯ ಕರಿಬೇವು ತರಲು ನನ್ನನ್ನೇ ಅಂಗಡಿಗೆ ಅಟ್ಟಿದರು.